ತೊಯ್ದ ಛತ್ರಿ

ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸು, ನಂಬರ್ ಹದಿನಾಲ್ಕು.
ಭಾಂಡಿ ತಿಕ್ಕೂದು ಮುಗಿದ ಮ್ಯಾಲ ಅವ್ವ
ಅವರ ತೊಗರಿಬ್ಯಾಳಿ ಹಸನ ಮಾಡ್ತಿದ್ದಳು,
ಭಟ್ಟಶಾಲಿ ಬಾಯಿ ಓದ್ತಿದ್ದಳು.
ಪುಸ್ತಕದಾಗ ಬಂಗಾಲಿ ಇದ್ದದ್ದು
ಬಾಯಿಯ ಬಾಯಾಗ ಹಿಂದಿ ಆಗಿ
ಅವ್ವನ ಕಿವ್ಯಾಗ ವಾಡಿ ಕನ್ನಡ ಆಗಿ ಇಳೀತಿತ್ತು.
ನಾನು ಮೊರದ ಮಗ್ಗಲಕ್ಕ ಕುಂತು
ಹಳ್ಳು ಎಣಸ್ತಿದ್ದೆ.

ಹೂಗ್ಲಿ ದಂಡಿಮ್ಯಾಲ ಒಂದು ಸೆಣಬಿನ ಗಿರಣಿ.
ಲೆಕ್ಕದ ಬಾಬು ಸತ್ತು ಬಿದ್ದಾನ.
ಮೂರು ವಾರದಿಂದ ಒಂದು ಹನಿ ಮಳಿ ಇಲ್ಲ,
ಬಾಗಿಲ ಹಿಂದ ಛತ್ರಿ ಮಾತ್ರ ತೊಪ್ಪನ ತೊಯ್ದದ.
ಗಿರಿಜಾಕಾಂತ ಬಾಬು ಅನ್ನೋ ಪತ್ತೇದಾರ
ಚಹಾದ ಬಸಿ ಕೆಳಗಿಟ್ಟು ಕೇಳ್ತಾನ:
"ಇಂಥಾ ಬಿಸಲಾಗ ಯಾರು ತೊಯ್ದು ಬಂದರು?"

ದಿನಕ್ಕ ನಾಕೇ ಪುಟ.
ಐದೂವರಿಗೆ ಸಾಹೇಬರ ಪಾಳಿ ಮುಗೀತಿತ್ತು.
ಇನ್ನ ಎರಡು ಅಧ್ಯಾಯ ಉಳಿದಾಗ
ಟ್ರಾನ್ಸ್‌ಫರ್ ಬಂತು, ಖರಗಪುರಕ್ಕ.
ಟ್ರಂಕಿನ ತಳದಾಗ ಪುಸ್ತಕ, ಮ್ಯಾಲ ಸೀರಿ, ಅದರ ಮ್ಯಾಲ ಕೀಲಿ.
ಗಾಡಿ ಬಿಟ್ಟ ಮ್ಯಾಲೂ ಅವ್ವ ನಿಂತೇ ಇದ್ದಳು.
ಬಾಯಿ ಹೋದಳಂತಲೋ,
ಕೊಲೆಗಾರ ತಪ್ಪಿಸಿಕೊಂಡನಂತಲೋ,
ನನಗ ಇವತ್ತಿಗೂ ತಿಳಿದಿಲ್ಲ.

ಮುಂದ ಒಂದು ಐತವಾರ ಮಧ್ಯಾಹ್ನ
ಮಾಸ್ತರ ಮನಿ ಟಿವ್ಯಾಗ ಅದೇ ಕತಿ, ಕಪ್ಪು ಬಿಳುಪು.
ಕೆಳಗ ಓಡೋ ಇಂಗ್ಲಿಷು ಹಿಡದು ಹಿಡದು ನಾನು ಹೇಳ್ತಿದ್ದೆ.
ಅರ್ಧ ಓದೂದರಾಗ ಅಕ್ಷರ ಹಾರಿ ಹೋಗ್ತಿದ್ದವು,
ಉಳಿದರ್ಧ ನಾನೇ ಕಟ್ಟಿದೆ.
ಅದರಾಗ ಮಾಲಕನ ತಮ್ಮ ಕೊಂದಿದ್ದ.
ಅವ್ವ ಸೆರಗು ಝಾಡಿಸಿ ಏಳುತ್ತ ಅಂದಳು,
"ಹಂಗಾದ್ರ ಛತ್ರಿ?"

ಹಿಂದಿ ಧಾರಾವಾಹ್ಯಾಗ ಡಾಕ್ಟರ್ ಕೊಂದ,
ಹದಿಮೂರು ವಾರ ಎಳದು, ನಡುನಡುವ ಸಾಬೂನು ಮಾರಿ.
ಮೊನ್ನೆ ಫೋನಿನ್ಯಾಗ ಹೊಸಾದು ಬಂತು:
ಗಿರಿಜಾಕಾಂತಗ ಗಡ್ಡ, ಒಂದು ಹಳೇ ಪ್ರೀತಿ, ನಿದ್ದಿ ಬರದ ರೋಗ;
ಕಡೀಕ ಕೊಂದಾಂವ ಅವನೇ ಅಂತ.
ಛತ್ರಿ ಇತ್ತು, ಖರೆ,
ಪೋಸ್ಟರಿನ ಮ್ಯಾಲಷ್ಟ.

ಅವ್ವಗ ಈಗ ಎಂಬತ್ತರ ಮ್ಯಾಲ.
ಶಹಾಬಾದ ಹಾಸುಗಲ್ಲಿನ ತಂಪಿಗೆ ಕಾಲು ಚಾಚಿ ಅಂದಳು:
"ಯಾರು ತೊಯ್ದು ಬಂದರು, ಯಾರು ತೊಯ್ದು ಬಂದರು,
ಬರೇ ಇದೇ ಆತು ನಿಮ್ಮ ಪತ್ತೇದಾರರದು.
ಯಾರು ತೊಳದರು ಅಂತ ಒಬ್ಬರೂ ಕೇಳಲಿಲ್ಲ.
ರಗತದ ಕಲೆ ಬಿಸಿ ನೀರಿಗೆ ಹೋಗೂದಿಲ್ಲ, ತಣ್ಣೀರೇ ಬೇಕು.
ಆ ಗಿರಣ್ಯಾಗ ಭಾಂಡಿ ತಿಕ್ಕಾಕಿ ಒಬ್ಬಾಕಿ ಇದ್ದಳಲ್ಲ,
ಮೂರನೇ ದಿನ ಓದಿದ್ದಳು ಬಾಯಿ,
ಒಂದೇ ಸಾಲು,
ಚಹಾ ತಂದಿಟ್ಟು ಹೋದಳು ಅಂತ.
ಹೆಸರೂ ಇರಲಿಲ್ಲ ಆಕೀದು."

"ಆಕೀನೇ ಕೊಂದಳೇನವ್ವ?"

"ಕೊಂದಳೋ, ಕೊಂದಾಂವಗ ತೊಳದು ಕೊಟ್ಟಳೋ.
ಸತ್ತಾಂವ ಪಗಾರ ಕೊಡೋ ಬಾಬು,
ಅಷ್ಟು ನೆಪ್ಪಿಟ್ಟುಕೋ."

ಪುಸ್ತಕ ತರಿಸಿದೆ, ಕೋಲ್ಕತ್ತಾದಿಂದ, ಹನ್ನೊಂದು ದಿನ ಹಿಡೀತು.
ಓದಾಕ ನನಗೆಲ್ಲಿ ಬರಬೇಕು?
ಸಿಮೆಂಟ್ ಕಾರ್ಖಾನ್ಯಾಗ ಒಬ್ಬ ಬಂಗಾಲಿ ಫಿಟ್ಟರ್ ಇದ್ದಾನ,
ಕರೀಲೇನು, ಅಂದೆ.
ಅವ್ವ ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ.
ಕಡೇ ಹಾಳಿ ತೆಗದು, ಚಾಳೀಸು ಏರಿಸಿ,
ಸಾಲಿನ ಮ್ಯಾಲ ಬೆರಳಾಡಿಸಿದಳು.
ಅಕ್ಷರ ಎಲ್ಲಾ ಮ್ಯಾಲಿನ ಒಂದು ಗೆರಿಗೆ
ಜೋತು ಬಿದ್ದಿದ್ದವು.

"ನೋಡಿಲ್ಲಿ," ಅಂದಳು,
"ಒಗದು ಹಗ್ಗಕ್ಕ ಹಾಕ್ಯಾಳ."