ಎಡಗಡೆಯ ಮೂರನೆಯದು

ಹನ್ನೊಂದು ವರ್ಷ ಪುಣೆಯ ಮೇಲೆ ಹಾರಿದ್ದೇನೆ,
ಪುಣೆಯನ್ನು ನೋಡಿಲ್ಲ.

ನೋಡಿದ್ದು ಖಾಸನೀಸರ ವಿಮಾನದ ಎಡರೆಕ್ಕೆಯ ತುದಿ,
ಅಲ್ಲೊಂದು ಕೆಂಪು ದೀಪ,
ದೀಪದ ಹಿಂದೆ ಅಂಗೈ ಅಗಲದ ತೇಪೆ:
ಯೂನುಸ್ ಬಾಗಬಾನ್ ಬಳಿದ ಹಳದಿ,
ಉಳಿದ ಹಳದಿಗಿಂತ ಒಂದು ಚೂರು ಎಳಸು.
ದೀಪ ಅವರ ಕಿವಿಗೆ ಓಲೆಯ ಹಾಗೆ ಕೂತಿರಬೇಕು.
ಕೆನ್ನೆಗೆ ಬಂದರೆ ನಾನು ಹಿಂದೆ ಬಿದ್ದೆ,
ಹಿಂಗತ್ತಿಗೆ ಸರಿದರೆ ಮುಂದೆ ನುಗ್ಗಿದೆ.
ಇಷ್ಟೇ ನನ್ನ ಆಕಾಶ.
ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ.

ಮೂರೂ ಎಚ್‌ಟಿ-ಟು, ಅರುವತ್ತು ದಾಟಿದವು, ಬೆಂಗಳೂರಲ್ಲಿ ಹುಟ್ಟಿದವು.
ಹುಡುಗರಿಗೆ ಯುದ್ಧಕ್ಕಿಂತ ಮೊದಲು
ನೆಲಕ್ಕೆ ಮೆಲ್ಲಗೆ ಇಳಿಯುವುದನ್ನು ಕಲಿಸಿದವು.
ಈಗ ಹಡಪಸರದ ಹುಲ್ಲಿನಿಂದೆದ್ದು
ಸುತ್ತ ಬೆಳೆದ ಇಪ್ಪತ್ತು ಮಹಡಿಗಳ ಸಂದಿಯಲ್ಲಿ ನುಸುಳಿ
ಕರೆದಲ್ಲಿಗೆ ಹೋಗುತ್ತವೆ:
ಸಾಸವಡದ ಅಂಜೂರದ ಮೇಳ, ಲೋಣಿಯ ಸೈಕಲ್ ಪಂದ್ಯ,
ಖಡಕಿಯಲ್ಲೊಂದು ರಕ್ತದಾನ ಶಿಬಿರ.
ರಕ್ತ ಕೊಟ್ಟವರು ಕೈಯಲ್ಲಿ ಬಿಸ್ಕತ್ತು ಹಿಡಿದೇ ಮೇಲೆ ನೋಡಿದರಂತೆ.

ಅಂತೆ.
ನನ್ನ ಪುಣೆಯೆಲ್ಲ ಈ ಒಂದು ಅಂತೆ.
ಕೆಳಗೆ ನಿಂತು ನೋಡುವವಳು ಇಂದುಮತಿ.
ರಾತ್ರಿ ರೊಟ್ಟಿ ತಟ್ಟುತ್ತ ವರದಿ ಕೊಡುತ್ತಾಳೆ:
‘ಒಬ್ಬಾಕಿ ಮುದುಕಿ ಚಪ್ಪಲ್ ಬಿಟ್ಟು ಕೈ ಮುಗದ್ಲು.
ಬ್ಯಾಂಡಿನವ್ರು ಊದೂದ ಮರತ್ರು.
ನಾ ನಿಮಗ ಕೈ ಬೀಸಿದೆ, ಕಂಡ್ತೇನು?’
ಕಂಡಿತು ಅಂದುಬಿಡುತ್ತೇನೆ.
ನಲವತ್ತು ಸೆಕೆಂಡಿನ ಸುಳ್ಳು. ಅವಳಿಗೂ ಗೊತ್ತು.

ಈ ಜನವರಿ, ಉರುಳಿಯ ಶಾಲೆಗೆ ಎಪ್ಪತ್ತೈದು ತುಂಬಿದ ದಿನ,
ಹೆದ್ದಾರಿ ದಾಟುವ ಮೊದಲೇ
ಖಾಸನೀಸರ ರೇಡಿಯೊ ಸತ್ತಿತು.
ಅವರು ಕಿವಿ ತಟ್ಟಿ, ಹೆಬ್ಬೆರಳು ಕೆಳಗೆ ಮಾಡಿ,
ನನ್ನತ್ತ ಬೆರಳು ತೋರಿ, ಆಮೇಲೆ ಮುಂದಕ್ಕೆ.
ಬಸ್ಸಿನಲ್ಲಿ ಯಾರಿಗೋ ಕಿಟಕಿ ಪಕ್ಕ ಬಿಟ್ಟುಕೊಟ್ಟ ಹಾಗೆ.

ನಾನು ಮುಂದಾದೆ. ಅವರು ಕೆಳಗಿಂದ ಜಾರಿ ನನ್ನ ಎಡಕ್ಕೆ ಬಂದರು,
ಬಲಕ್ಕೆ ಕೇಕಿ ದಸ್ತೂರ್ ಇದ್ದಲ್ಲೇ ಇದ್ದ.
ಎದುರಿಗೆ ರೆಕ್ಕೆಯಿಲ್ಲ.
ಓಲೆಯಿಲ್ಲ.

ಅಬ್ಬಾ, ಎಷ್ಟೊಂದು ಇತ್ತು!
ಕಬ್ಬಿನ ಹೊಗೆ, ರೈಲಿನ ಒಂದೊಂದೇ ಡಬ್ಬಿ,
ಯಾರದೋ ಮಹಡಿಯ ಮೇಲೆ ಒಣಗಲು ಹಾಕಿದ ಶಾವಿಗೆ,
ಆಮೇಲೆ ಮೈದಾನ, ಸುಣ್ಣದ ಗೆರೆಗಳು,
ಬಿಳಿ ಅಂಗಿಗಳ ಮೇಲೆ ಇನ್ನೂರು ಮುಖ
ಒಟ್ಟಿಗೆ ಅರಳಿ ನನ್ನತ್ತ ತಿರುಗಿದವು.
ಒಬ್ಬ ಹುಡುಗ ಮಾತ್ರ ತಿರುಗಲಿಲ್ಲ.
ಓಟದ ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತು
ಬೂಟಿನ ದಾರ ಕಟ್ಟುತ್ತಿದ್ದ,
ಎಲ್ಲರೂ ಮೇಲೆ ನೋಡುತ್ತಿರುವಾಗಲೇ
ಓಡಿಬಿಡುವವನ ಹಾಗೆ.

ಹಿಂದಿರುವ ಇಬ್ಬರನ್ನು ನಾನು ನೋಡುವಂತಿರಲಿಲ್ಲ.
ಇದ್ದಾರೆಂದು ನಂಬಿ ತಿರುವು ತೆಗೆದುಕೊಂಡೆ,
ಹಾಲು ತುಂಬಿದ ಪಾತ್ರೆ ಹೊತ್ತವನ ಹಾಗೆ, ನಿಧಾನ.

ರಾತ್ರಿ ಮೊದಲ ಬಾರಿ ವರದಿ ನನ್ನದು.
ಶಾವಿಗೆ ಹೇಳಿದೆ, ಬೂಟಿನ ದಾರ ಹೇಳಿದೆ.
ಇಂದುಮತಿ ಚಟ್ನಿಪುಡಿಗೆ ಎಣ್ಣೆ ಹಾಕುತ್ತ
ಕೇಳಿಸಿಕೊಂಡಳು, ಸುಮ್ಮನಾದಳು, ಆಮೇಲೆ ಅಂದಳು:
‘ಮುಂದ ಇದ್ದವ್ರು ನೀವೇನು?
ನಾ ಎರಡೂ ಕೈ ಬೀಸಿದ್ನಲ್ಲ. ನಿಮಗ ಅಂತ.
ಎಡಕ್ಕ, ಹಿಂದ.’

ಎಡಕ್ಕೆ, ಹಿಂದೆ, ಖಾಸನೀಸರಿದ್ದರು.
ಅವರೂ ನೋಡಿರಲಾರರು.
ಆ ಹೊತ್ತಿಗೆ ಅವರ ಕಣ್ಣು ನನ್ನ ಕಿವಿಯ ಮೇಲಿತ್ತು.