ಅನುಕಂಪದ ನೌಕರಿ

ಆದೇಶದ ಕಾಗದದಾಗ ಆ ಶಬ್ದ ಇತ್ತು, ಅನುಕಂಪ.
ಟೈಪ್ ಮಾಡಿದವರು ಒತ್ತಿ ಹೊಡದಿದ್ರೋ ಏನೋ,
ಕಾಗದದ ಬೆನ್ನ ಮ್ಯಾಲ ಬೆರಳಾಡಿಸಿದ್ರೂ ಕೈಗೆ ಹತ್ತತಿತ್ತು.

ಲಾಕರ್ ಮ್ಯಾಲ ಬಿಳೇ ಬಣ್ಣದಾಗ ಅವರ ಹೆಸರು,
ಎಫ್. ವೈ. ಹೊಸಮನಿ.
ಒಳಗ ಸವದ ಸಾಬೂನು, ಒಂದು ಬಾಚಣಿಕಿ,
ಬಾಚಣಿಕ್ಯಾಗ ಎರಡು ಕೂದಲಾ.
ನನ್ನ ಬುತ್ತಿ ಡಬ್ಬಿ ಬಾಜೂಕ ಇಟ್ಟೆ,
ಬೀಗರ ಮನ್ಯಾಗ ಚಪ್ಪಲಿ ಬಿಡೂಹಂಗ, ಯಾರಿಗೂ ತಾಗದಂಗ.

ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ರಾತ್ರಿ ಪಾಳಿ.
ಗಾಡಿ ಬಂದು ನಿಂತ ಕೂಡಲೇ ಸುತ್ತಿಗಿ ಹಿಡಕೊಂಡು
ಗಾಲಿಗೊಂದು ಏಟು, ಗಾಲಿಗೊಂದು ಏಟು,
ಬ್ಯಾಟರಿ ಬೆಳಕಿನ್ಯಾಗ ಕುಂತು, ಎದ್ದು, ಮುಂದ ಸರದು.
ಗಟ್ಟಿ ಗಾಲಿ ಠಣ್ ಅಂತೈತಿ, ಒಡದದ್ದು ಬದ್ ಅಂತೈತಿ.
ಇಷ್ಟ ಕೆಲಸ. ಇದಕ್ಕೆಂಥಾ ವಿದ್ಯಾ,
ಅಂತ ಕ್ಯಾಂಟೀನಿನ್ಯಾಗ ನಗತಿದ್ರು.
ನಾನೂ ನಗತಿದ್ದೆ, ಅವರಕಿಂತ ಒಂದು ಗುಟುಕು ಮೊದಲ.

ಒಳಗ ಬ್ಯಾರೇನ ಸಪ್ಪಳ.
ಇವತ್ತ ಗೊತ್ತಾಕ್ಕೈತಿ, ಇವತ್ತ ಎಲ್ಲಾರಿಗೂ ಗೊತ್ತಾಕ್ಕೈತಿ,
ಈಕಿಗೆ ಏನೂ ಕೇಳಸೂದಿಲ್ಲ ಅಂತ.
ಸತ್ತವರ ಅಂಗಿ ತೊಟ್ಟು, ತೋಳು ಎರಡು ಸುತ್ತು ಮಡಚಿ
ಪಗಾರ ಎಣಿಸಾಕ ಬರತಾಳ ಅಂತ.

ಶಿವರಾತ್ರಿ ಆದಮ್ಯಾಗ ಒಂದು ರಾತ್ರಿ, ಬದ್ ಅಂತು.
ಮತ್ತ ಬಡದೆ. ಬದ್ದೋ? ಠಣ್ಣೋ?
ಕೆಂಪು ದೀಪ ತೋರಿಸಿ ಗಾಡಿ ತಡದೆ.
ನಲವತ್ತು ನಿಮಿಷ. ಕಿಟಕಿಗೊಂದು ಮಾರಿ.
ಸಾಹೇಬರು ಬಂದು ನೋಡಿದ್ರ ಗಾಲಿ ಚೊಲೋ ಐತಿ,
ಸಡಲಾದದ್ದು ಬ್ರೇಕಿನ ಒಂದು ಬೆಣಿ.
ಯಾರೂ ಬೈಲಿಲ್ಲ. ಕೆಟ್ಟದ್ದು ಅದ.
"ಪಾಪ, ಆಕಿ ಏನ ಮಾಡ್ಯಾಳು" ಅಂದ್ರು.

ಮರುದಿನ ರಾಜೀನಾಮೆ ಬರದು, ಮಡಚಿ, ಮುಳಗುಂದ ಮೇಸ್ತ್ರಿ ಮುಂದ ಹಿಡದೆ.
ಮೌಲಾಸಾಬಗ ರಿಟೈರ್ ಆಗಾಕ ಮೂರು ತಿಂಗಳಿತ್ತು.
ಬಿಚ್ಚಿ ಓದಲಿಲ್ಲ. ಚಶ್ಮಾ ಒರಸಿಕೊಂಡ.
"ನಾ ಹನ್ನೊಂದು ಗಾಡಿ ಸುಮ್ಮಸುಮ್ಮನ ನಿಲ್ಲಿಸೀನಿ ತಂಗೀ.
ಅದರ ಲೆಕ್ಕ ಐತಿ ನನ್ನ ಕಡೆ.
ಸುಮ್ಮಸುಮ್ಮನ ಬಿಟ್ಟದ್ದರ ಲೆಕ್ಕ..."
ಮಾತು ಅಲ್ಲೇ ಬಿಟ್ಟು ಹಳಿ ಕಡೆ ನೋಡಿದ.
ಆಮ್ಯಾಲ, "ನನಗ ಖಾತ್ರಿ ಐತಿ ಅನ್ನಾವ ಬಂದ್ರ
ಅವನ ಕೈಗೆ ಸುತ್ತಿಗಿ ಕೊಡಬ್ಯಾಡ."
ಚೀಟಿ ನನ್ನ ಕೈಯಾಗ ಉಳೀತು.

ರವಿವಾರ ದುರ್ಗದಬೈಲಿನ ಸಂದ್ಯಾಗ ನೀರಿನ ಗಡಿಗಿ ನೋಡಾಕ ನಿಂತೆ.
ಬೆರಳ ಗೆಣ್ಣಿಲೇ ಒಂದಕ್ಕ ಬಡದೆ, ಬ್ಯಾಡ ಅಂದೆ.
ಇನ್ನೊಂದು. ಬ್ಯಾಡ.
ಮೂರನೇದಕ್ಕ ಕೈ ಎತ್ತೂದರಾಗ ಕುಂಬಾರಾಕಿ ಎದ್ದು ಬಂದಳು.
ಬಿಸಲಿಗೆ ಹಿಡದು ಹೊಳ್ಳಿಸಿ ಹೊಳ್ಳಿಸಿ ನೋಡಿದಳು.
"ಕೂದಲೆಳಿ ಬಿರುಕು. ಸುಟ್ಟಾಕಿ ನಾನು, ನನಗ ಕಂಡಿಲ್ಲ.
ಯಾವೂರ ಯವ್ವಾ ನಿಂದು?"
ಲಕ್ಕುಂಡಿ, ಅಂದೆ.

ಅಂದು, ಕೈ ಎತ್ತಿದ್ದು ಹಂಗ ನಿಂತೆ.
ಅವ್ವ ಹಿಂಗ ಬಡೀತಿದ್ದಳು, ನನ್ನ ಟೊಂಕದ ಮ್ಯಾಲಿಟ್ಟುಕೊಂಡು.
ಗಡಿಗಿ, ತೆಂಗಿನಕಾಯಿ, ಹಸಿ ಗ್ವಾಡಿ,
ಉಬ್ಬಿದ ಕೂಸಿನ ಹೊಟ್ಟಿ.
ಬಡದು, ಕಣ್ಣು ಮುಚ್ಚಿ, ಒಂದ ಉಸುರು ಕಾಯೂದು.
ಕುಂಬಾರಗ ವರ್ಷ, ಬಡಗಿಗೆ ನಿಮಿಷ ಅಂತಾರ ಖರೆ.
ನಾವು ಬಡದದ್ದು ಒಡಿಯಾಕಲ್ಲ.
ಆ ಕಿವಿ ಯಾವ ಆದೇಶದಾಗೂ ಇರಲಿಲ್ಲ. ಅವರದೂ ಅಲ್ಲ.
ಅವರಿಗೆ ಎಡಗಿವಿ ಮಂದ ಇತ್ತು.
ಹದಿನಾಕು ವರ್ಷ ನೌಕರಿ ಮಾಡಿದ್ರು, ನನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.
ಅವರೂ ದಿನಾ ಅಂಜಿಕೋತನ ಹೋಗತಿದ್ರು,
ಎರಡೆರಡು ಸಲ ಬಡೀತಿದ್ರು.

ಅಂಜಿಕಿ ಹೋತು ಅಂದ್ರ ಸುಳ್ಳಾಕ್ಕೈತಿ.
ಸುತ್ತಿಗಿ ಹಿಡಿಕಿಗೆ ಸುತ್ತಿದ ಹಳೇ ಬಟ್ಟಿಯಂಗ ಐತಿ ಈಗ,
ಕೈ ಬೆವತ್ರ ಜಾರಗೊಡೂದಿಲ್ಲ.

ಗಡಿಗಿ ಮನ್ಯಾಗ ತುಸು ವಾಲತಿತ್ತು.
ಆ ಚೀಟಿನ ಇನ್ನೊಂದು ಮಡಕಿ ಮಡಚಿ ಅದರ ಬುಡಕ ಇಟ್ಟೆ.
ದಿನಾ ನೀರು ಜಿನಗತಿತ್ತು.
ಯುಗಾದಿಗೆ ಗಡಿಗಿ ತೊಳಿಯಾಕ ಎತ್ತಿದ್ರ
ಕಾಗದ ಮೆತ್ತಗ ಅರಳಿ ಕುಂತಿತ್ತು,
ನೀಲಿ ಎಲ್ಲಾ ನೆಲಕ್ಕ ಇಳದಿತ್ತು.