ಕಡತ

ಒಂದನೆಯ ಹಕ್ಕುಕೋರಿಕೆ ಹೀಗೆ ಶುರುವಾಗುತ್ತದೆ:
ಬೆಳಕು ತಡೆಯುವ ಒಂದು ಕಪ್ಪು ಮಿಶ್ರಣ,
ಅದರಲ್ಲಿ ವರ್ಣದ್ರವ್ಯ, ಅದರಲ್ಲಿ ಅಂಟು, ಅದರಲ್ಲಿ...
ಒಂದೇ ವಾಕ್ಯ, ಪುಟ ದಾಟಿ ಹೋಗುತ್ತದೆ.
ನಡುವೆ ಪೂರ್ಣವಿರಾಮ ಇಡುವಂತಿಲ್ಲ;
ನಮ್ಮ ಇಲಾಖೆಯ ವ್ಯಾಕರಣ ಅದು.

ಅರ್ಜಿದಾರಳು ಹುಬ್ಬಳ್ಳಿ ತಾರಿಹಾಳದ ರೋಶನ್‌ಬಿ ಅತ್ತಾರ.
ಅಜ್ಜ ಅತ್ತರು ಮಾರುತ್ತಿದ್ದನೋ ಏನೋ, ಈಕೆ ಮಾರುವುದು
ಮೊಬೈಲ್ ಗಾಜಿನ ಅಂಚಿಗೆ ಬಳಿಯುವ ಕತ್ತಲೆ.
ಕೂದಲೆಳೆಯನ್ನು ಮೂವತ್ತು ಪಾಲು ಸೀಳಿದರೆ
ಒಂದು ಪಾಲಿನಷ್ಟು ದಪ್ಪ.
(ರೋಶನ್ ಅಂದರೆ ಬೆಳಕು.
ಅದನ್ನು ವರದಿಯಲ್ಲಿ ಬರೆಯುವಂತಿಲ್ಲ.)

ನಾನು ಪೇಟೆಂಟ್ ಪರೀಕ್ಷಕಿ. ಕಚೇರಿ ಚೆನ್ನೈ.
ಈ ವಾರ ಮಾತ್ರ ಗದಗ, ಸೋದರಮಾವನ ಪ್ರೆಸ್ಸಿನ ಅಟ್ಟ.
ಕೆಳಗೆ ಟ್ರೆಡಲ್ ಮಷೀನು ನಿಂತು ಒಂಬತ್ತು ವರ್ಷ,
ಗೋಡೆ ಇನ್ನೂ ಸೀಮೆಎಣ್ಣೆ, ಶಾಯಿ ನಾರುತ್ತದೆ.

ಇದು ಹೊಸದಲ್ಲ ಎನ್ನಲು
ಜಗತ್ತಿನಲ್ಲಿ ಎಲ್ಲಾದರೂ ಒಂದು ಹಳೆಯದನ್ನು ಹುಡುಕುವುದು
ನನಗೆ ಸಂಬಳ ಕೊಡುವ ಕೆಲಸ.
ಜಪಾನಿನವರದು ಆರು ಸಿಕ್ಕವು, ಕೊರಿಯಾದವರದು ನಾಲ್ಕು.
ಎಲ್ಲವೂ ಹತ್ತಿರ ಬಂದು
ಒಂದು ಅಂಕಿಯ ಹೊಸ್ತಿಲಲ್ಲಿ ನಿಂತುಬಿಟ್ಟವು.

ಇದ್ದಿಲಿನ ಕಪ್ಪಿಗೊಂದು ಕೆಟ್ಟ ಚಾಳಿ:
ಬೆಳಕನ್ನು ನುಂಗುತ್ತದೆ, ಕರೆಂಟನ್ನು ಹಾಯಬಿಡುತ್ತದೆ,
ತಲಬಾಗಿಲಿಗೆ ಕೂರಿಸಿದ ಕಾವಲುಗಾರ
ಹಿತ್ತಲಿಂದ ಕಳ್ಳನನ್ನು ಕರೆದುಕೊಂಡಂತೆ.
ರೋಶನ್‌ಬಿ ಕಣಕಣಕ್ಕೂ ರಾಳದ ಅಂಗಿ ತೊಡಿಸಿದ್ದಾಳೆ.
ಈಗ ಬೆಳಕಿಗೂ ಇಲ್ಲ, ಕರೆಂಟಿಗೂ ಇಲ್ಲ.

ಫಕೀರಪ್ಪ ಮಾವ ಚಹಾ ತಂದಿಟ್ಟು ಇಣುಕಿದ.
"ಏನ್ ಓದಾಕತ್ತೀ?"
"ಕಪ್ಪು ಬಣ್ಣ, ಮಾವ. ಹೊಸಾದೋ ಹಳೇದೋ ನೋಡಬೇಕು."
"ಕಪ್ಪಿನ್ಯಾಗ ಹೊಸಾದೇನ್ ಇರ್ತೈತಬೇ? ತಡಿ."

ಟ್ರಂಕಿನ ತಳದಿಂದ ತೆಗೆದದ್ದು ಕಡತ.
ನನ್ನ ಮೇಜಿನ ಮೇಲೆ ನಂಬರು ಹೊತ್ತು ಕೂರುವ ಕಡತ
ಯಾರ ಹೆಸರನ್ನು ಕಡ ತಂದಿದೆಯೋ, ಆ ಕಡತ:
ಅರಿವೆಯ ಪಟ್ಟಿ, ಹುಣಸೆಬೀಜ ಕುದಿಸಿದ ಸರಿ,
ಸರಿಗೆ ಇದ್ದಿಲ ಪುಡಿ, ಬಳಿದು ಒಣಗಿಸಿ ಮತ್ತೆ ಬಳಿದು
ಮಡಿಕೆ ಮಡಿಕೆಯಾಗಿ ಮಡಚಿದ್ದು.
ಮೇಲೆ ಬಳಪದಲ್ಲಿ ಮುತ್ತಜ್ಜನ ಲೆಕ್ಕ:
ಸಂಕನಗೌಡರ ಅರಳೆ ಹದಿನೆಂಟು ಅಂಡಿಗೆ, ಬಾಕಿ ನಾಲ್ಕಾಣೆ.

ವರ್ಣದ್ರವ್ಯ. ಅಂಟು. ಅದನ್ನು ಹೊರುವ ಪದರ.
ಬೆರಳು ಮಡಚಿದೆ; ಮೂರೂ ಕೂತವು.
ಎದೆ ಧಸಕ್ಕೆಂದಿತು.
ಹೇಗೆ ಬರೆಯಲಿ, ಹನ್ನೊಂದನೆಯ ಸಾಕ್ಷಿ:
ಮಸಾರಿ ಓಣಿ, ಫಕೀರಪ್ಪ ಮಾವನ ಟ್ರಂಕು?

ಏಳಕ್ಕೆ ಕರೆಂಟು ಹೋಯಿತು.
ಮೊಬೈಲ್ ಟಾರ್ಚು ಹಚ್ಚಿ ಕಡತದ ಹಿಂದೆ ಹಿಡಿದೆ.
ಸೋರಿತು.
ನೇಯ್ಗೆಯ ಸಂದಿಯಿಂದ, ಮಡಿಕೆ ಸವೆದ ಗೆರೆಯಿಂದ,
ಒತ್ತಿ ಬರೆದ ಸೊನ್ನೆಗಳ ಹೊಟ್ಟೆಯಿಂದ
ಜರಡಿ ಹಿಡಿದ ಜ್ವಾಳದ ಹಿಟ್ಟಿನ ಹಾಗೆ
ಬೆಳಕು ಉದುರಿ ಮಾವನ ಅಂಗಿಯ ಮೇಲೆ ಬಿತ್ತು.

"ಅಯ್ಯ, ತೂತು ಬಿದ್ದಾವಲ್ಲ," ಅಂದ,
ಬೀಗರ ಮುಂದೆ ಹರಕು ಜಮಖಾನೆ ಹಾಸಿದವನಂತೆ.
"ಇದನ್ನ ಬರಿಯಾಕ ಮಾಡ್ಯಾರ, ಮಾವ.
ತಡಿಯಾಕ ಯಾರೂ ಹೇಳಿದ್ದಿಲ್ಲ ಇದಕ್ಕ."

ಕರೆಂಟು ಬಂದ ಮೇಲೆ ವರದಿ ಮುಗಿಸಿದೆ.
ಹೊಸತನ: ಆಕ್ಷೇಪವಿಲ್ಲ.
ಬರೀ ಬೆರಕೆಯೇ? ಅಲ್ಲ, ಮೂರನೆಯ ಕೋಷ್ಟಕ ಸಾಕು.
ಸ್ಪಷ್ಟತೆ: ಆಕ್ಷೇಪವಿದೆ.
'ಸಾಕಷ್ಟು ಕಪ್ಪು' ಎಂದರೆ ಎಷ್ಟು? ಅಂಕಿ ಕೊಡಿ.
ಸಾಕಷ್ಟು ಎಂಬ ಅಳತೆ ಈ ಅಡುಗೆಮನೆಯ ಉಪ್ಪಿಗೆ ನಡೆಯುತ್ತದೆ,
ಕಾಯ್ದೆಗೆ ನಡೆಯುವುದಿಲ್ಲ.
ಉತ್ತರಕ್ಕೆ ಆರು ತಿಂಗಳು.

ಟ್ರಂಕಿನ ಹೆಸರು ಎಲ್ಲೂ ಬರೆಯಲಿಲ್ಲ.
ಆದರೆ 'ಸಲ್ಲಿಸು' ಒತ್ತಿದ ಬೆರಳಿಗೆ ಅದರ ಮಸಿ ಇತ್ತು,
ಕೀಲಿಯ ಮೇಲೆ ಒಂದು ಗುರುತು ಬಿತ್ತು.
ಮಾವನ ಸೆಲ್ಲೋಟೇಪು ಇಸಿದುಕೊಂಡು, ಅಂಟಿಸಿ, ಕಿತ್ತೆ;
ನಾಲ್ಕನೆಯ ಹಕ್ಕುಕೋರಿಕೆಯ ಪರೀಕ್ಷೆ ಅದೇ.
ಅರ್ಧ ಟೇಪಿಗೆ ಬಂತು.
ಅರ್ಧ ಏಳಲಿಲ್ಲ.